ಗೇಟಿಗೆ ಬೀಗ ಇಲ್ಲ, ಹೊಡೆತವೂ ಇಲ್ಲ. ಆದರೂ ಇದು ಜೀತವೇ?

ಪ್ರಶ್ನೆ: ಮೇಡಂ, ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಲಗ್ಗೆರೆಯಲ್ಲಿ ಬಾಡಿಗೆ ಮನೆ. ನಮ್ಮ ರಸ್ತೆಯಲ್ಲಿ ಒಂದು ಬಿಲ್ಡಿಂಗ್ ಏಳುತ್ತಿದೆ. ಅಲ್ಲಿನ ಶೆಡ್‌ನಲ್ಲಿ ರಾಯಚೂರು ಕಡೆಯ ಗಂಡ ಹೆಂಡತಿ ಎಂಟು ತಿಂಗಳಿಂದ ಇದ್ದಾರೆ. ಮೇಸ್ತ್ರಿ ಊರಲ್ಲೇ 50,000 ರೂಪಾಯಿ ಅಡ್ವಾನ್ಸ್ ಕೊಟ್ಟು ಕರೆತಂದಿದ್ದಾನೆ. ವಾರಕ್ಕೆ ಇಬ್ಬರಿಗೂ ಸೇರಿ 1,000 ರೂಪಾಯಿ ಖರ್ಚಿಗೆ ಕೊಡುತ್ತಾನೆ, ಉಳಿದದ್ದು ‘ಲೆಕ್ಕದಲ್ಲಿದೆ’ ಅನ್ನುತ್ತಾನೆ. ಆಕೆಯ ತಾಯಿ ತೀರಿಕೊಂಡಾಗಲೂ ‘ದುಡ್ಡು ತೀರಿಸಿ ಹೋಗಿ’ ಅಂದನಂತೆ. ಗೇಟಿಗೆ ಬೀಗ ಇಲ್ಲ, ಯಾರೂ ಹೊಡೆಯುವುದಿಲ್ಲ. ಇದು ಜೀತ ಆಗುತ್ತದಾ? ನಾನು ನಮ್ಮ ಯೂನಿಯನ್ ಮೆಂಬರ್. ಇಬ್ಬರು ಗೆಳತಿಯರ ಜೊತೆ ಹೋಗಿ ಮೇಸ್ತ್ರಿಯನ್ನು ಕೇಳಿದೆ. ಅವತ್ತೇ ರಾತ್ರಿ ಎಂಟಕ್ಕೆ ‘ಸ್ಟೇಷನ್‌ನಿಂದ’ ಅಂತ ಫೋನ್ ಬಂತು. ‘ಯೂನಿಯನ್ ಗಲಾಟೆ ಇಲ್ಲಿ ಬೇಡಮ್ಮ. ಕೋರ್ಟು ಕೇಸು ಏನೂ ಇಲ್ಲದೆ ಒಳಗೆ ಹಾಕೋ ಕಾನೂನು ಇದೆ’ ಅಂದರು. ನಿಜವಾ? ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಬರೆದದ್ದೆಲ್ಲ ಸರಿ ಇದ್ದರೆ ಇದು ಜೀತವೇ. ವಿಚಾರಣೆ ಇಲ್ಲದೆ ಒಳಗಿಡುವ ಕಾನೂನೂ ಇದೆ, ಸುಳ್ಳಲ್ಲ. ಆದರೆ ಫೋನ್ ಮಾಡಿದ ಆ ಮನುಷ್ಯನ ಜೇಬಿನಲ್ಲಿ ಆ ಕಾನೂನು ಇರುವುದಿಲ್ಲ. ಇನ್ನು ವಿವರ. ಸ್ವಲ್ಪ ಉದ್ದ ಆಗುತ್ತದೆ, ಭಾನುವಾರ ಬಿಡುವಾದಾಗ ಓದಿ.

ಜೀತ ಅಂದ ತಕ್ಷಣ ನಮಗೆ ನೆನಪಾಗುವುದು ದೊಡ್ಡ ಮನೆಯ ಕೊಟ್ಟಿಗೆ. ಅಪ್ಪ ಮಾಡಿದ ಸಾಲಕ್ಕೆ ಮಗ ದನ ಕಾಯುವುದು, ವರ್ಷಕ್ಕೊಂದು ಜೊತೆ ಬಟ್ಟೆ, ಅಷ್ಟೇ. ಬೆಂಗಳೂರಿನಲ್ಲಿ ಕೊಟ್ಟಿಗೆ ಇಲ್ಲ, ಹಾಗಾಗಿ ಜೀತವೂ ಇಲ್ಲ ಅಂದುಕೊಂಡಿರುತ್ತೇವೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕೊಟ್ಟಿಗೆಯನ್ನೂ ಹುಡುಕುವುದಿಲ್ಲ, ಬೀಗವನ್ನೂ ಹುಡುಕುವುದಿಲ್ಲ. ಅದು ಕೇಳುವುದು ಎರಡೇ. ಸಾಲವೋ ಮುಂಗಡವೋ ಒಂದು ಇದೆಯಾ? ಅದರಿಂದಾಗಿ ಕೆಲಸಗಾರನ ಕೈಯಿಂದ ಏನು ಜಾರಿದೆ? ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುತ್ತಿದ್ದಾನೆ ಅನ್ನಿ, ಜೀತ. ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲ ಅನ್ನಿ, ಜೀತ. ತನಗೆ ಬೇಕಾದ ಊರಿಗೆ ಓಡಾಡುವ ಹಾಗಿಲ್ಲ, ಅದೂ ಜೀತ. ತನ್ನ ದುಡಿಮೆಯನ್ನು ಮಾರ್ಕೆಟ್ ರೇಟಿಗೆ ಮಾರುವ ಹಾಗಿಲ್ಲ, ಅದೂ. ಎಲ್ಲವೂ ಒಟ್ಟಿಗೆ ಇರಬೇಕಿಲ್ಲ, ಒಂದಿದ್ದರೆ ಸಾಕು. ‘ದುಡ್ಡು ತೀರಿಸಿ ಹೋಗಿ’ ಅನ್ನುವ ಮೂರು ಪದಗಳಲ್ಲಿ ನಿಮ್ಮ ಮೇಸ್ತ್ರಿ ತನ್ನ ಕೇಸನ್ನು ತಾನೇ ಬರೆದುಕೊಟ್ಟಿದ್ದಾನೆ.

ಲೆಕ್ಕ ನೋಡಿ. ವಾರಕ್ಕೆ 1,000 ಅಂದರೆ ತಲೆಗೆ ದಿನಕ್ಕೆ ನೂರೂ ಬೀಳುವುದಿಲ್ಲ. ಕಟ್ಟಡ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಅದರ ಎಷ್ಟೋ ಪಟ್ಟು ಇದೆ. ಅದನ್ನು ಸರಿಯಾಗಿ ಕೊಟ್ಟಿದ್ದರೆ ಇಬ್ಬರ ದುಡಿಮೆಯಲ್ಲಿ ಹೆಚ್ಚು ಕಡಿಮೆ ಮೂರು ತಿಂಗಳಿಗೇ 50,000 ತೀರಿ, ಮೇಲೆ ಇವರಿಗೇ ಬಾಕಿ ಬರಬೇಕಿತ್ತು. ಎಂಟು ತಿಂಗಳಾಗಿದೆ.

‘ಲೆಕ್ಕದಲ್ಲಿದೆ’ ಅನ್ನುವ ಮಾತು ಕೇಳಿದರೆ ನನಗೆ ಒಂದು ನೋಟ್‌ಬುಕ್ ನೆನಪಾಗುತ್ತದೆ. ಆನೇಕಲ್ ಕಡೆಯ ಒಂದು ಇಟ್ಟಿಗೆ ಗೂಡಿನ ಕೇಸಿನಲ್ಲಿ ನನ್ನ ಕೈಗೆ ಬಂದದ್ದು. ಅಂಗೈ ಅಗಲದ ಪುಸ್ತಕ, ಮೇಲೆ ಲಕ್ಷ್ಮಿ ಚಿತ್ರ. ಮೊದಲ ಪುಟದಲ್ಲಿ ‘ಮುಂಗಡ 40,000’, ಅದರ ಪಕ್ಕ ಹೆಬ್ಬೆಟ್ಟು. ಕೆಳಗೆ ಅಕ್ಕಿ 600, ಡಾಕ್ಟರ್ 350, ಕರೆನ್ಸಿ 149, ಸಂತೆ 800. ಕರೆನ್ಸಿ ಅಂದರೆ ಮೊಬೈಲ್ ರೀಚಾರ್ಜ್. ಆಮೇಲೆ ‘ಬಾರದ ದಿನ 2, 1,000’. ಮಗುವಿಗೆ ಜ್ವರ ಬಂದು ಎರಡು ದಿನ ಕೆಲಸ ತಪ್ಪಿತ್ತು. ಆ ಎರಡು ದಿನದ ಕೂಲಿ ಇಲ್ಲ, ಸರಿ. ಅದರ ಮೇಲೆ ದಿನಕ್ಕೆ 500 ದಂಡ. ಕೂಲಿಯೋ, ದಿನಕ್ಕೆ 250. ಏಳು ತಿಂಗಳು ಮಣ್ಣು ತುಳಿದ ಮೇಲೆ ಬಾಕಿ ಎಷ್ಟು ಗೊತ್ತಾ? 46,300. ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ, ಪುಸ್ತಕವನ್ನು ಕಿಟಕಿ ಬೆಳಕಿಗೆ ಹಿಡಿದಾಗ. ಸಾಲವೆಲ್ಲ ಪೆನ್ನಿನಲ್ಲಿ ಬರೆದಿತ್ತು. ಕೂಲಿ ಮಾತ್ರ ಪೆನ್ಸಿಲ್‌ನಲ್ಲಿ, ಅದನ್ನೂ ಎರಡು ಮೂರು ಕಡೆ ಅಳಿಸಿ ತಿದ್ದಿದ್ದರು.

ನಿಮ್ಮ ಮೇಸ್ತ್ರಿಯ ಹತ್ತಿರವೂ ಇಂಥ ಒಂದು ಪುಸ್ತಕ ಇರುತ್ತದೆ. ಆ ದಂಪತಿಯ ಕೈಗೆ ಅದು ಒಂದು ಗಳಿಗೆ ಸಿಕ್ಕರೂ ಫೋನಿನಲ್ಲಿ ಪುಟ ಪುಟದ ಫೋಟೋ ತೆಗೆಯಲಿ. ಸಿಗದಿದ್ದರೆ ಬೇಡ, ಕಿತ್ತಾಡಲು ಹೋಗಬೇಡಿ. ಇದು ಜೀತದ ಸಾಲ ಅಂತ ಕಾರ್ಮಿಕ ಹೇಳಿದರೆ ಸಾಕು. ಅಲ್ಲ ಅಂತ ತೋರಿಸುವ ಹೊಣೆ ಸಾಲ ಕೊಟ್ಟವನದು. ಕಾಯ್ದೆಯ 15ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಕಾನೂನುಗಳಲ್ಲಿ ಬಡವನ ಮಾತಿಗೆ ಇಷ್ಟು ತೂಕ ಕೊಟ್ಟಿರುವುದು ಅಪರೂಪ.

ಸುಪ್ರೀಂ ಕೋರ್ಟ್ ಎರಡು ತೀರ್ಪುಗಳಲ್ಲಿ ಈ ದಾರಿಯನ್ನು ಇನ್ನೂ ಅಗಲ ಮಾಡಿದೆ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ಗೆ ಸ್ಟೇಡಿಯಂ, ಫ್ಲೈಓವರ್ ಕಟ್ಟುತ್ತಿದ್ದ ಕೂಲಿಗಳ ಕೇಸು ಬಂತು. ಕಂಟ್ರಾಕ್ಟರ್‌ಗಳ ಜಮಾದಾರರು ಅವರ ಕೂಲಿಯಲ್ಲಿ ಕಮಿಷನ್ ಹಿಡಿಯುತ್ತಿದ್ದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಏನು ಹೇಳಿತು ಅಂದರೆ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ಯಾರಾದರೂ ದುಡಿಯುತ್ತಿದ್ದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. ದೊಣ್ಣೆ ಹಿಡಿದು ನಿಂತರೆ ಮಾತ್ರ ಬಲವಂತವಲ್ಲ, ಹೊಟ್ಟೆ ಹಸಿವೂ ಬಲವಂತವೇ. ಎರಡನೆಯದು 1983ರ ಡಿಸೆಂಬರ್‌ನದು, ಹರಿಯಾಣದ ಫರೀದಾಬಾದ್ ಕಡೆಯ ಕಲ್ಲು ಕ್ವಾರಿಗಳ ಕೇಸು. ಬಲವಂತದ ದುಡಿಮೆ ಕಂಡರೆ ಅದರ ಹಿಂದೆ ಮುಂಗಡ ಇದ್ದೇ ಇದೆ ಅಂತ ಕೋರ್ಟು ಊಹಿಸಿಕೊಳ್ಳಬೇಕು, ಅಲ್ಲ ಅನ್ನುವುದನ್ನು ಮಾಲೀಕ ಸಾಬೀತು ಮಾಡಲಿ, ಅಂದರು.

ಈಗ ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ಮಾತು. ಯೂನಿಯನ್‌ನಲ್ಲಿ ಚಂದಾ ಎತ್ತಿ 50,000 ತೀರಿಸಿ ಅವರನ್ನು ಬಿಡಿಸೋಣ ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಳ್ಳೆಯ ಮನಸ್ಸಿನವರೇ ಈ ತಪ್ಪು ಜಾಸ್ತಿ ಮಾಡುತ್ತಾರೆ. ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಜೀತದ ಸಾಲ ಸತ್ತುಹೋದ ಸಾಲ. ಅದಕ್ಕೆ ಅಂತ ದುಡ್ಡು ಇಸಿದುಕೊಳ್ಳುವುದೇ ಅಪರಾಧ, ಮೂರು ವರ್ಷದವರೆಗೆ ಜೈಲು. ನೀವು ಸಾಲ ತೀರಿಸಿದರೆ ಮೇಸ್ತ್ರಿಗೆ ದುಡ್ಡು ಸಿಗುತ್ತದೆ, ಆ ದಂಪತಿಗೆ ಜೀತದಿಂದ ಮುಕ್ತರು ಅಂತ ಸರ್ಕಾರ ಕೊಡುವ ಬಿಡುಗಡೆ ಪತ್ರ ಸಿಗುವುದಿಲ್ಲ. ಮುಂದಿನ ವಾರ ಅದೇ ದುಡ್ಡನ್ನು ಅಡ್ವಾನ್ಸ್ ಅಂತ ಇನ್ನೊಬ್ಬರ ಕೈಗೆ ಇಡುತ್ತಾನೆ.

‘ಬೀಗ ಇಲ್ಲ’ ಅಂದಿರಲ್ಲ, ಈ ಊರಿನಲ್ಲಿ ಬೀಗ ಇಲ್ಲದೆಯೂ ಜನರನ್ನು ತಡೆದದ್ದನ್ನು ನಾವೇ ನೋಡಿದ್ದೇವೆ. 2020ರ ಲಾಕ್‌ಡೌನ್ ನೆನಪಿದೆಯಾ? ನಿಮ್ಮ ಮನೆಗೆ ಹತ್ತಿರವೇ ಇರುವ ಚಿಕ್ಕಬಾಣಾವರದಿಂದ ಬಿಹಾರ, ಒಡಿಶಾ ಕಡೆಗೆ ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ರೈಲುಗಳು ಹೊರಡುತ್ತಿದ್ದವು. ಮೇ 5ರಂದು ಆಗಿನ ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಮರುದಿನದಿಂದ ರೈಲು ಬೇಡ ಅಂತ ಸರ್ಕಾರದಿಂದ ರೈಲ್ವೆಗೆ ಪತ್ರ ಹೋಯಿತು. ಕಟ್ಟಡದ ಕೆಲಸ ಮತ್ತೆ ಶುರುವಾಗಬೇಕಿತ್ತು, ಆಳು ಬೇಕಿತ್ತು. ಟೀಕೆ ಜೋರಾದ ಮೇಲೆ ಎರಡು ಮೂರು ದಿನದಲ್ಲಿ ತೀರ್ಮಾನ ಬದಲಾಯಿತು. ಆದರೆ ಆ ಎರಡು ಮೂರು ದಿನ ಲಕ್ಷಾಂತರ ಜನ ತಮ್ಮ ಊರಿಗೆ ಹೋಗಲು ಬೇರೆಯವರ ಅಪ್ಪಣೆಗೆ ಕಾಯಬೇಕಾಯಿತು. ತುಮಕೂರು ರಸ್ತೆಯಲ್ಲಿ ಗಂಟು ಹೊತ್ತು ಕುಳಿತವರನ್ನು ನೀವೂ ನೋಡಿರುತ್ತೀರಿ.

ಇನ್ನು ಆ ಫೋನ್. ಹೆಸರು, ಹುದ್ದೆ ಹೇಳಿದರಾ? ನೀವು ಬರೆದಿಲ್ಲ. ಅದು ಪೊಲೀಸರೇ ಮಾಡಿದ ಫೋನ್ ಅಂತಲೂ ನನಗೆ ನಂಬಿಕೆ ಇಲ್ಲ. ಮೇಸ್ತ್ರಿಯ ಪರಿಚಯದವನೂ ಆಗಿರಬಹುದು. ಇರಲಿ, ಪೊಲೀಸರೇ ಅಂದುಕೊಳ್ಳೋಣ.

ಮಾಮೂಲಿ ಬಂಧನ ಆದರೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವ ಹಾಗಿಲ್ಲ. ತೀರಾ ವಿಶೇಷ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿಯೇ ಬರಬೇಕು, ಮ್ಯಾಜಿಸ್ಟ್ರೇಟ್ ಒಪ್ಪಿಗೆಯೂ ಬೇಕು. ಸಾಕ್ಷಿಯಾಗಿ ವಿಚಾರಿಸಬೇಕು ಅಂದರೂ ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು.

ಯೂನಿಯನ್‌ನವರ ಮೇಲೆ ನಿಜವಾಗಿ ಬಳಸುವ ಅಸ್ತ್ರ ಬೇರೆ, ಅದು ತುಂಬ ಚಿಕ್ಕದು. ಹಳೇ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 151, 107 ಅಂತ ಕೇಳಿರುತ್ತೀರಿ. ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅವು 170 ಮತ್ತು 126. ಅಪರಾಧ ಮಾಡುವ ಸಂಚಿದೆ ಅಂತ ಹೇಳಿ ಬೆಳಿಗ್ಗೆ ಎತ್ತಿಕೊಂಡು ಹೋಗುತ್ತಾರೆ, ಸಂಜೆ ಬಿಡುತ್ತಾರೆ. ಅದಕ್ಕೂ 24 ಗಂಟೆಯ ಮಿತಿ ಇದೆ. ಆಮೇಲೆ ‘ಶಾಂತಿ ಕದಡುವುದಿಲ್ಲ’ ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಗೇಟ್ ಮೀಟಿಂಗ್ ಮಾಡಿದ್ದಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಬಂದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬಹಳ ಜನ ಅದನ್ನು ಓದದೆಯೇ ಸಹಿ ಮಾಡಿರುತ್ತಾರೆ. ನಿಮ್ಮ ಮುಂದೆ ಅಂಥ ಕಾಗದ ಇಟ್ಟರೆ ಓದಿ, ಪ್ರತಿ ಕೇಳಿ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಕೋರ್ಟು ಕೇಸು ಇಲ್ಲದೆ ತಿಂಗಳುಗಟ್ಟಲೆ ಒಳಗಿಡುವುದು ಮುನ್ನೆಚ್ಚರಿಕೆ ಬಂಧನ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಇದೆ, ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆ ಇದೆ. ಎರಡರಲ್ಲೂ ಗರಿಷ್ಠ 12 ತಿಂಗಳು. ಬಂಧನ ಸರಿಯೋ ತಪ್ಪೋ ಅಂತ ನೋಡುವ ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಇಲ್ಲ. ಬ್ರಿಟಿಷರು ಹೋದ ಮೇಲೂ ಸಂವಿಧಾನದೊಳಗೇ ಇದಕ್ಕೆ ಜಾಗ ಕೊಟ್ಟವರು ನಾವು. ನನಗೆ ಅದು ಇವತ್ತಿಗೂ ನುಂಗಲಾರದ ತುತ್ತು. ಆದರೆ ನಿಮ್ಮ ಮಟ್ಟಿಗೆ ತಿಳಿದಿರಬೇಕಾದದ್ದು ಇಷ್ಟು. ಬೆಂಗಳೂರಿನಲ್ಲಿ ಇಂಥ ಆದೇಶಕ್ಕೆ ಸಹಿ ಮಾಡುವವರು ಪೊಲೀಸ್ ಕಮಿಷನರ್, ಠಾಣೆಯ ಇನ್ಸ್‌ಪೆಕ್ಟರ್ ಅಲ್ಲ. 12 ದಿನದೊಳಗೆ ಸರ್ಕಾರ ಅದನ್ನು ಒಪ್ಪಬೇಕು. ಕಾರಣಗಳನ್ನು ಸಾಮಾನ್ಯವಾಗಿ 5 ದಿನದೊಳಗೆ ಬರೆದು ಕೊಡಬೇಕು, ಅದೂ ಒಳಗಿರುವವರಿಗೆ ಗೊತ್ತಿರುವ ಭಾಷೆಯಲ್ಲಿ. ಓದಲಾಗದ ಜೆರಾಕ್ಸ್ ಕೊಟ್ಟರು ಅನ್ನುವ ಒಂದೇ ಕಾರಣಕ್ಕೆ ಇಂಥ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದುಹೋಗಿವೆ. ಮೇಸ್ತ್ರಿಯನ್ನು ಎರಡು ಪ್ರಶ್ನೆ ಕೇಳಿದ ಟೈಲರ್ ಮೇಲೆ ಇದನ್ನು ಹಾಕಲು ಬರುವುದಿಲ್ಲ.

ಆದರೂ ಆ ಬೆದರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಜೀತ, ಜೈಲು, ಯೂನಿಯನ್ ಮೂರೂ ಒಟ್ಟಿಗೆ ಬಂದಿವೆ. ಅದು ಆಕಸ್ಮಿಕವಲ್ಲ.

1951ರಲ್ಲಿ ವಿಶ್ವಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಬಲವಂತದ ದುಡಿಮೆಯ ಬಗ್ಗೆ ಮೂವರ ಸಮಿತಿ ಮಾಡಿದವು. ಅದರ ಅಧ್ಯಕ್ಷರು ಯಾರು ಗೊತ್ತಾ? ಆರ್ಕಾಟ್ ರಾಮಸ್ವಾಮಿ ಮುದಲಿಯಾರ್, ಮೈಸೂರು ಸಂಸ್ಥಾನದ ಕೊನೆಯ ದಿವಾನರು. 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದಾಗ ಸತ್ಯಾಗ್ರಹಿಗಳನ್ನು ಜೈಲಿಗೆ ತುಂಬಿದ್ದು ಅವರ ಆಡಳಿತವೇ. ನಾಲ್ಕು ವರ್ಷದ ಮೇಲೆ ಅದೇ ಮನುಷ್ಯ ದೇಶದೇಶಗಳ ಕಡತ ಬಿಡಿಸಿ, ಯಾರು ಯಾರನ್ನು ಯಾಕೆ ಕೂಡಿಹಾಕಿ ದುಡಿಸುತ್ತಿದ್ದಾರೆ ಅಂತ ನೋಡುತ್ತಾ ಕುಳಿತರು. 1953ರ ಅವರ ವರದಿಯಲ್ಲಿ ಎರಡು ಬಗೆಯ ಬಲವಂತದ ದುಡಿಮೆಯ ಮಾತಿದೆ. ಲಾಭಕ್ಕಾಗಿ ಮಾಡಿಸುವುದು ಒಂದು. ಬಾಯಿ ಮುಚ್ಚಿಸಲು ಮಾಡಿಸುವುದು ಇನ್ನೊಂದು. ಅದರ ಫಲವಾಗಿ 1957ರ ಜೂನ್ 25ರಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 105ನೇ ಒಪ್ಪಂದ ಬಂತು. ಮುಷ್ಕರ ಮಾಡಿದ್ದಕ್ಕೆ, ರಾಜಕೀಯ ಅಭಿಪ್ರಾಯ ಇಟ್ಟುಕೊಂಡಿದ್ದಕ್ಕೆ ಶಿಕ್ಷೆ ಅಂತ ಯಾರನ್ನೂ ಬಲವಂತವಾಗಿ ದುಡಿಸಬಾರದು ಅಂತ ಅದರಲ್ಲಿದೆ. ಭಾರತ ಅದನ್ನು ಒಪ್ಪಿದ್ದು 2000ದಲ್ಲಿ. ಸಂಘ ಕಟ್ಟುವ ಹಕ್ಕಿನ 87, ಒಟ್ಟಾಗಿ ಚೌಕಾಸಿ ಮಾಡುವ ಹಕ್ಕಿನ 98, ಈ ಎರಡು ಒಪ್ಪಂದಗಳಿಗೆ ಭಾರತ ಸಹಿ ಹಾಕಿಲ್ಲ.

ಆ 105ನೇ ಒಪ್ಪಂದಕ್ಕೆ 18 ವರ್ಷ ತುಂಬಿದ ದಿನ, 1975ರ ಜೂನ್ 25ರ ರಾತ್ರಿ, ತುರ್ತು ಪರಿಸ್ಥಿತಿ ಬಂತು. ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನವಾದರು. ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು ತುಂಬಿತು. ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯ ಕಾರ್ಮಿಕ ಮುಖಂಡ ಮೈಕೆಲ್ ಫರ್ನಾಂಡಿಸ್, ವಿಚಾರಣೆ ಇಲ್ಲದೆ ಒಳಗಿಡುವ ಆಗಿನ ಮೀಸಾ ಕಾಯ್ದೆಯಡಿ ಒಳಗೆ ಹೋದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಲು ಬರುವುದಿಲ್ಲ ಅಂತ ನಾಲ್ಕಕ್ಕೆ ಒಂದರಂತೆ ಹೇಳಿಬಿಟ್ಟಿತ್ತು. ಒಪ್ಪದೆ ನಿಂತವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

ಈಗ ನೋಡಿ ವಿಚಿತ್ರ. ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂದದ್ದು ಅದೇ 1975ರ ಅಕ್ಟೋಬರ್‌ನಲ್ಲಿ! ಇಂದಿರಾ ಗಾಂಧಿಯವರ 20 ಅಂಶಗಳ ಕಾರ್ಯಕ್ರಮದ ಒಂದು ಅಂಶ ಅದು. ಜೀತದಾಳಿಗೆ ‘ನೀನು ಸ್ವತಂತ್ರ’ ಅಂತ ಹೇಳಿದ ತಿಂಗಳಲ್ಲೇ, ಅವನ ಪರ ಹಳ್ಳಿಗೆ ಹೋಗಿ ಮಾತಾಡಬಹುದಾಗಿದ್ದ ಎಷ್ಟೋ ಜನ ಜೈಲಿನಲ್ಲಿದ್ದರು. ಕಾಯ್ದೆ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಆದರೆ ಕಾಯ್ದೆ ತಾನಾಗಿ ಎದ್ದು ಶೆಡ್ಡಿನ ಬಾಗಿಲು ತಟ್ಟುವುದಿಲ್ಲ. ಯಾರಾದರೂ ಹೋಗಿ ಕೇಳಬೇಕು. ನೀವು ಹೋಗಿ ಕೇಳಿದಿರಿ, ಅದಕ್ಕೇ ಆ ಫೋನ್ ಬಂತು.

ಆ ಹಳೇ ಜೈಲು ಈಗ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಮಾಡಬೇಕೆಂದರೆ ಅಲ್ಲಿಗೇ ಹೋಗಬೇಕು ಅಂತ 2021ರಿಂದ ನಿಯಮ. ಇದನ್ನು ಯಾಕೆ ಹೇಳಿದೆ ಅಂದರೆ, ಆ ಬಿಲ್ಡಿಂಗ್ ಮುಂದೆ ಬೋರ್ಡು ಹಿಡಿದು ಇಪ್ಪತ್ತು ಜನ ನಿಲ್ಲಬೇಡಿ. ಅದನ್ನೇ ನೆಪ ಮಾಡಿ ವಿಷಯವನ್ನು ‘ಯೂನಿಯನ್ ಗಲಾಟೆ’ ಮಾಡಿಬಿಡುತ್ತಾರೆ. ಇಬ್ಬರು ಮೂವರು ಹೋಗಿ ಮಾತಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ನಿಮ್ಮ ಕೆಲಸದ ಭಯವೂ ಇರಬಹುದು. ಸಂಘ ಕಟ್ಟುವುದು 19ನೇ ವಿಧಿಯ ಮೂಲಭೂತ ಹಕ್ಕು. ಯೂನಿಯನ್‌ನಲ್ಲಿ ಇದ್ದೀರಿ ಅಂತ ಫ್ಯಾಕ್ಟರಿಯವರು ಕೆಲಸದಿಂದ ತೆಗೆದರೆ ಅದು ಅನುಚಿತ ಕಾರ್ಮಿಕ ನಡವಳಿಕೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ, ಅವುಗಳಲ್ಲೂ ಈ ರಕ್ಷಣೆ ಉಳಿದಿದೆ. ಆದರೆ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ಕ್ಯಾಶುವಲ್ ಲೀವ್ ಹಾಕಿದರೂ ಅದು ಮುಷ್ಕರ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರವನ್ನು ಮಣಿಸಿದ್ದರಲ್ಲ, ಹಾಗೆ ದಿಢೀರ್ ಅಂತ ಕೆಲಸ ಬಿಟ್ಟು ಬರುವುದು ಇನ್ನು ಕಷ್ಟ. ಜೀತ ಕಾಯ್ದೆಯನ್ನು ಮಾತ್ರ ಈ ಸಂಹಿತೆಗಳು ಮುಟ್ಟಿಲ್ಲ.

ಹಾಗಾದರೆ ಸೋಮವಾರ ಏನು ಮಾಡುತ್ತೀರಿ? ಒಂದು ಬಿಳಿ ಹಾಳೆ ಸಾಕು. ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಅರ್ಜಿ ಬರೆಯಿರಿ. ನಿಮ್ಮ ಕಡೆಗೆ ಬೆಂಗಳೂರು ಉತ್ತರ ಉಪವಿಭಾಗ. ಒಂದು ಪ್ರತಿ ಕೆ.ಜಿ. ರಸ್ತೆ ಕಂದಾಯ ಭವನದಲ್ಲಿ ಜಿಲ್ಲಾಧಿಕಾರಿಗೆ, ಇನ್ನೊಂದು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ. ಕಚೇರಿಯ ತಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ದಂಪತಿಯ ಹೆಸರು, ಊರು, ತಾಲೂಕು, ಬಂದ ತಾರೀಖು, ಅಡ್ವಾನ್ಸ್ ಎಷ್ಟು, ವಾರಕ್ಕೆ ಕೊಡುವುದೆಷ್ಟು, ಆಧಾರ್ ಕಾರ್ಡು ಯಾರ ಹತ್ತಿರ ಇದೆ, ‘ತೀರಿಸಿ ಹೋಗಿ’ ಅಂದದ್ದು ಯಾವತ್ತು, ಇಷ್ಟಿರಲಿ. ಕೆಳಗೆ ನಿಮ್ಮೊಬ್ಬರ ಸಹಿ ಬೇಡ, ಯೂನಿಯನ್ ಲೆಟರ್‌ಹೆಡ್‌ನಲ್ಲೇ ಹೋಗಲಿ. ಒಬ್ಬರಿಗೆ ಫೋನ್ ಮಾಡಿ ಹೆದರಿಸುವುದು ಸುಲಭ, ಲೆಟರ್‌ಹೆಡ್‌ಗೆ ಹೆದರಿಸುವುದು ಕಷ್ಟ. ದಂಪತಿ ಪರಿಶಿಷ್ಟ ಜಾತಿ, ಪಂಗಡದವರಾದರೆ ಅದನ್ನೂ ಬರೆಯಿರಿ. ಆಗ ದೌರ್ಜನ್ಯ ತಡೆ ಕಾಯ್ದೆಯೂ ಸೇರುತ್ತದೆ, ಅದರ ಬಿಸಿಯೇ ಬೇರೆ. ಜೀತ ಕಾಯ್ದೆಯಲ್ಲಿ ದಂಡ 2,000 ರೂಪಾಯಿ ಅಷ್ಟೇ, 1976ರ ದುಡ್ಡಿನ ಲೆಕ್ಕದಲ್ಲಿ ಹಾಗೇ ಉಳಿದಿದೆ.

ಆಮೇಲಿನ ಹಂತದಲ್ಲೇ ಕೇಸುಗಳು ಸೋಲುವುದು. ಆ ಇಟ್ಟಿಗೆ ಗೂಡಿನಲ್ಲಿ ಅಧಿಕಾರಿಗಳು ಜೀಪಿನಲ್ಲಿ ಬಂದು, ಮಾಲೀಕ ಹಾಕಿಸಿದ ಕುರ್ಚಿಯಲ್ಲಿ ಕುಳಿತು, ಅವನ ಎದುರಿಗೇ ‘ನಿಮಗೇನಾದ್ರೂ ತೊಂದ್ರೆ ಇದೆಯೇನ್ರಪ್ಪಾ?’ ಅಂತ ಕೇಳಿದರು. ಹನ್ನೊಂದು ಜನ ನೆಲ ನೋಡುತ್ತಾ ‘ಇಲ್ಲ ಸಾಮಿ’ ಅಂದರು. ಮತ್ತೆ ಅರ್ಜಿ, ಮತ್ತೆ ಓಡಾಟ, ನಾಲ್ಕು ತಿಂಗಳು ಹಿಡಿಯಿತು. ಹೇಳಿಕೆಯನ್ನು ಮೇಸ್ತ್ರಿ ಇಲ್ಲದ ಕಡೆ ಬೇರೆ ಬೇರೆಯಾಗಿ ತೆಗೆದುಕೊಳ್ಳಿ ಅಂತ ಅರ್ಜಿಯಲ್ಲೇ ಕೇಳಿ. ‘ಕೂಲಿ ಬಾಕಿ ಕೊಡಿಸಿ ರಾಜಿ ಮಾಡೋಣ’ ಅಂದರೆ ಒಪ್ಪಬೇಡಿ. ರಾಜಿಯಾದರೆ ಬಿಡುಗಡೆ ಪತ್ರ ಬರುವುದಿಲ್ಲ. ಆ ಪತ್ರ ಇದ್ದರೆ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು, ಕೇಸು ಗೆದ್ದ ಮೇಲೆ ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷದ ಪುನರ್ವಸತಿ. ವಕೀಲರ ಖರ್ಚಿನ ಯೋಚನೆ ಬೇಡ, 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಆ ರಾತ್ರಿ ಎಂಟರ ಫೋನಿನವರು ಮತ್ತೆ ಮಾಡಿದರೆ ಹೆಸರು, ಹುದ್ದೆ, ಠಾಣೆ ಕೇಳಿ, ‘ನೋಟಿಸ್ ಕೊಡಿ ಸರ್, ಉತ್ತರ ಕೊಡ್ತೀವಿ’ ಅಂದು ಇಟ್ಟುಬಿಡಿ.

ಇದಕ್ಕೆಲ್ಲ ಮೊದಲು ಆ ಹೆಣ್ಣುಮಗಳನ್ನು ಒಂದು ಮಾತು ಕೇಳಿ. ಆಕೆಗೆ ಈಗ ಬೇಕಿರುವುದು ಕೇಸಲ್ಲ, ತಾಯಿಯ ಮಣ್ಣಿಗೆ ಹೋಗಲಾಗದ ಸಂಕಟಕ್ಕೆ ಊರಿನ ಬಸ್ ಟಿಕೆಟ್ ಇರಬಹುದು. ಹಾಗಾದರೆ ಎಸಿಯವರಿಗೆ ಅದನ್ನೇ ಹೇಳಿ, ಹೇಳಿಕೆ ಬೇಗ ಬರೆಸಿಕೊಳ್ಳಿ ಅಂತ ಪಟ್ಟು ಹಿಡಿಯಿರಿ. ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಬಸ್ ಹತ್ತಲಿ. ಅದಿಲ್ಲದೆ ಹೊರಟುಬಿಟ್ಟರೆ ಮೇಸ್ತ್ರಿ ಅಡ್ವಾನ್ಸ್ ಚೀಟಿ ಹಿಡಿದು ರಾಯಚೂರಿನ ಮನೆ ಬಾಗಿಲಿಗೇ ಬರುತ್ತಾನೆ.